ಕೆರೆ ಪಕ್ಕದ ಮನೆಗೆ ಅಡ್ವಾನ್ಸ್ ಕೊಡೋ ಮುಂಚೆ

ಪುಟ್ಟ, ಸರ್ಜಾಪುರ ರಸ್ತೆ ಕಡೆ ನೀವಿಬ್ಬರೂ ನೋಡಿರೋ ಆ ಹಳೇ ಮೂವತ್ತು-ನಲವತ್ತರ ಮನೆ ಬಗ್ಗೆ ಗ್ರೂಪಲ್ಲಿ ಹಾಕಿದ್ದು ಓದಿದೆ. "ಹಿಂದೇನೇ ಕೆರೆ ಇದೆ ಸಾರ್, ನೀರಿಗೆ ಯಾವತ್ತೂ ತೊಂದ್ರೆ ಇಲ್ಲ" ಅಂತ ಬ್ರೋಕರ್ ಹೇಳಿದ್ರಂತೆ, ನಿಜಾನಾ ಅಂತ ಕೇಳಿದ್ದೀಯ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳು. ಟೋಕನ್ ಮಾತ್ರ ಇನ್ನೂ ಕೊಡಬೇಡ.

ಬೆಂಗಳೂರಿಗೆ ಹೇಳಿಕೊಳ್ಳೋ ಅಂಥ ನದಿ ಇಲ್ಲ ನೋಡು. ಇಳಿಜಾರಿಗೆ ಏರಿ ಕಟ್ಟಿ ಮಳೆನೀರು ನಿಲ್ಲಿಸಿದ್ದೇ ಇಲ್ಲಿನ ಕೆರೆಗಳು. ಮೇಲಿನ ಕೆರೆ ಕೋಡಿ ಬಿದ್ರೆ ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗಬೇಕು. 1890ರ ದಶಕದಲ್ಲಿ ಹೆಸರಘಟ್ಟದಿಂದ ಪೈಪಲ್ಲಿ ನೀರು ಬಂತು, 1974ರಲ್ಲಿ ಕಾವೇರಿ ಬಂತು. ನಲ್ಲೀಲಿ ನೀರು ಬರ್ತಿದ್ದಂಗೆ ಕೆರೆ ಯಾರಿಗೂ ಬೇಡವಾಯ್ತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯ್ತು, ಸಂಪಂಗಿ ಕೆರೆ ಜಾಗದಲ್ಲಿ ಕಂಠೀರವ ಸ್ಟೇಡಿಯಂ ಬಂತು. ಆದ್ರೆ ಇಳಿಜಾರು ಇದ್ದಲ್ಲೇ ಇದೆ. 2022ರ ಸೆಪ್ಟೆಂಬರ್ ಮಳೇಲಿ ಬೆಳ್ಳಂದೂರು, ಯಮಲೂರು ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ್ರಲ್ಲ, ನೀರು ತನ್ನ ಹಳೇ ದಾರೀಲೇ ಬಂದಿತ್ತು. ಹಾಗಾಗಿ ಕೆರೆ ಪಕ್ಕದ ಮನೆಗೆ ಮೊದಲು ಕೇಳಬೇಕಾದ್ದು ನೀರು ಸಿಗುತ್ತಾ ಅಂತಲ್ಲ. ಜೋರು ಮಳೆ ಬಂದ್ರೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅಂತ.

ಅದಕ್ಕೆ ಫೋನಲ್ಲಿ ದಿಶಾಂಕ್ ಆ್ಯಪ್ ಹಾಕ್ಕೊ, ಸರ್ಕಾರದ ಭೂ ನಕ್ಷೆ ಆ್ಯಪ್ ಅದು. ಆ ಮನೆ ಬಾಗಿಲಲ್ಲೇ ನಿಂತು ತೆಗೆದ್ರೆ ಸರ್ವೆ ನಂಬರ್, ಹಳೇ ಗ್ರಾಮ ನಕ್ಷೆಯ ಕೆರೆ, ಹಳ್ಳ, ಕಾಲುವೆ ಗೆರೆ ಎಲ್ಲಾ ಕಾಣುತ್ತೆ. ಆಮೇಲೆ ಆ ಸರ್ವೆ ನಂಬರಿನ ಹಳೇ ಪಹಣೀಲಿ ಖರಾಬು, ಅಂದ್ರೆ ಸಾಗುವಳಿಗೆ ಬಾರದ ಜಾಗದ ಕಾಲಂ ನೋಡು. 'ಬಿ ಖರಾಬು' ಅಂತಿದ್ರೆ ಅದು ದಾರಿ, ಹಳ್ಳ, ಕೆರೆ ಥರ ಸಾರ್ವಜನಿಕ ಜಾಗ. ನಿನ್ನ ಸೈಟು ಅದರ ಮೇಲೆ ಬಂದಿದೆಯಾ ಅಂತ ಸರ್ವೆ ಸ್ಕೆಚ್ ತರಿಸಿ ನೋಡದೇ ಮುಂದೆ ಹೋಗಬೇಡ. 2015ರ ಮಾಸ್ಟರ್ ಪ್ಲಾನಲ್ಲಿ ಕೆರೆಯಿಂದ 30 ಮೀಟರ್, ದೊಡ್ಡ ರಾಜಕಾಲುವೆ ಮಧ್ಯದಿಂದ 50 ಮೀಟರ್ ಕಟ್ಟಬಾರದು ಅಂತಿತ್ತು. ಆಮೇಲೆ ತಿದ್ದುಪಡಿ ಆಗಿದೆ, ಈಗಿನ ಲೆಕ್ಕ ಲಾಯರ್ ಹತ್ರ ಬರೆಸಿಕೊ. ಕಾಗದ ಒಂದು ಕಡೆ, ಕಣ್ಣಲ್ಲೂ ನೋಡು. ಅಕ್ಕಪಕ್ಕದ ಕಾಂಪೌಂಡ್ ಗೋಡೇಲಿ ಒಂದೇ ಎತ್ತರಕ್ಕೆ ಮಣ್ಣಿನ ಕಲೆ ಗೆರೆ ಎಳೆದಂಗೆ ಇದೆಯಾ, ಗೇಟಿನ ಕೆಳಗೆ ಇಟ್ಟಿಗೆ ಕಟ್ಟಿ ಎತ್ತರಿಸಿದ್ದಾರಾ ನೋಡು. ಬೀದೀಲಿ ಇಸ್ತ್ರಿ ಮಾಡೋವ್ರನ್ನ ಕೇಳು, ಬ್ರೋಕರ್‌ಗಿಂತ ಸರಿಯಾಗಿ ಹೇಳ್ತಾರೆ.

ಬೋರ್‌ವೆಲ್ ವಿಷಯದಲ್ಲೇ ಜಾಸ್ತಿ ಜನ ಮೋಸ ಹೋಗೋದು. ಮೋಟಾರ್ ಹಾಕಿ ಹತ್ತು ನಿಮಿಷ ಧೋ ಅಂತ ಬಿದ್ರೆ ಖುಷಿ ಪಟ್ಟು ವಾಪಸ್ ಬರ್ತಾರೆ. ಆರೂವರೆ ಇಂಚಿನ ಬೋರಲ್ಲಿ ಒಂದು ಮೀಟರ್ ಆಳಕ್ಕೆ ಸುಮಾರು 21 ಲೀಟರ್ ನೀರು ನಿಂತಿರುತ್ತೆ. ಮೋಟಾರ್ ಮೇಲೆ ನೂರು ಮೀಟರ್ ನೀರಿದ್ರೆ ಎರಡು ಸಾವಿರ ಲೀಟರ್ ರಾತ್ರಿಯೆಲ್ಲಾ ತುಂಬಿಕೊಂಡಿದ್ದು. ನಿಮಿಷಕ್ಕೆ 60 ಲೀಟರ್ ಎತ್ತಿದ್ರೂ ಮೊದಲ ಅರ್ಧ ಗಂಟೆ ಬರೋದು ಬಹುಪಾಲು ಅದೇ, ಬಂಡೆ ಸಂದಿಯಿಂದ ಬರೋ ಹೊಸ ನೀರಲ್ಲ. ಹಾಗಾಗಿ ಎರಡು ಗಂಟೆ ಓಡಿಸು. ಶುರೂಲಿ, ಒಂದು ಗಂಟೆಗೆ, ಕೊನೇಲಿ, ಮೂರು ಸಲ 20 ಲೀಟರ್ ಬಕೆಟ್ ತುಂಬೋಕೆ ಎಷ್ಟು ಸೆಕೆಂಡ್ ಅಂತ ಬರೆದುಕೊ. ಕೊನೇದೇ ನಿಜವಾದ ನೀರು. ಮಳೆಗಾಲದ ಲೆಕ್ಕ ಏಪ್ರಿಲ್‌ಗೆ ಬರಲ್ಲ, ಅದೂ ನೆನಪಿರಲಿ. ಒಂದು ಬಾಟಲಿ ಲ್ಯಾಬಿಗೆ ಕೊಟ್ಟು ನೈಟ್ರೇಟ್, ಕೋಲಿಫಾರ್ಮ್ ಅನ್ನೋ ಬ್ಯಾಕ್ಟೀರಿಯಾ ಎರಡನ್ನೂ ಪರೀಕ್ಷೆ ಮಾಡಿಸು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದ್ರೆ ಕುಡಿಯೋಕಾಗಲ್ಲ, ಎಲ್ಲೋ ಚರಂಡಿ ನೀರು ಸೇರ್ತಿರಬಹುದು. ನೀರಲ್ಲಿ ಕರಗಿರೋ ಒಟ್ಟು ಲವಣ ಅಳೆಯೋ ಟಿಡಿಎಸ್ ಪೆನ್ನಿಗೆ ಇದು ಗೊತ್ತಾಗಲ್ಲ.

ನೆಲದೊಳಗಿನ ನೀರಿನ ತೊಟ್ಟಿ, ಸಂಪನ್ನೂ ಹೀಗೇ ಪರೀಕ್ಷೆ ಮಾಡು. ಅರ್ಧ ತುಂಬಿಸಿ, ಒಳಗೆ ಬರೋ ಲೈನು, ಮೋಟಾರ್ ಎರಡೂ ಬಂದ್ ಮಾಡಿ ಗೋಡೇಲಿ ಒಂದು ಗುರುತು ಹಾಕಿ ಮಾರನೇ ದಿನ ಅದೇ ಹೊತ್ತಿಗೆ ನೋಡು. ಇಳಿದಿದ್ರೆ ಲೀಕು. ಏರಿದ್ರೆ ಇನ್ನೂ ಕೆಟ್ಟದ್ದು, ಹೊರಗಿನ ನೀರು ಒಳಗೆ ಬರ್ತಿದೆ ಅಂತ. ಹಾಗೆ ಏರಿ, ಸ್ಯಾನಿಟರಿ ಛೇಂಬರೂ ಪಕ್ಕದಲ್ಲೇ ಇದ್ರೆ ಆ ಮನೆ ಬಿಟ್ಟುಬಿಡು ಅಂತಲೇ ಹೇಳ್ತೀನಿ. ಅಳತೆ ಅಡೀಲಿ ತಗೊಂಡು ಉದ್ದ, ಅಗಲ, ಆಳ ಗುಣಿಸಿ 28ರಿಂದ ಮತ್ತೆ ಗುಣಿಸಿದ್ರೆ ಲೀಟರ್ ಬರುತ್ತೆ. ಆರು ಸಾವಿರಕ್ಕಿಂತ ಕಮ್ಮಿ ಇದ್ರೆ ಬೇಸಿಗೇಲಿ 6,000 ಲೀಟರ್ ಟ್ಯಾಂಕರ್ ಪೂರ್ತಿ ಇಳಿಸಿಕೊಳ್ಳೋಕಾಗಲ್ಲ, ದುಡ್ಡು ಮಾತ್ರ ಪೂರ್ತಿ ಕೊಡಬೇಕು.

ಕಾವೇರಿ ಇದೆ ಅಂದ್ರೆ ಆರ್‌ಆರ್ ನಂಬರ್, ಅಂದ್ರೆ ಆ ಮನೆ ನೀರಿನ ಸಂಪರ್ಕದ ನಂಬರ್ ಇರೋ ಆರು ತಿಂಗಳ ನೀರಿನ ಬಿಲ್ ಕೇಳು. ಕಾವೇರಿ ಯೋಜನೆಯ ಐದನೇ ಹಂತ 2024ರ ಅಕ್ಟೋಬರಲ್ಲಿ ಶುರುವಾಯ್ತು, ಬೆಂಗಳೂರಿಗೆ ಸೇರಿಸಿಕೊಂಡ 110 ಹಳ್ಳಿಗಳಿಗೆ ಅಂತ. ಬೀದೀಲಿ ಪೈಪ್ ಹೂತಿದ್ದಾರೆ ಅಂದ ಮಾತ್ರಕ್ಕೆ ಮನೆಗೆ ನೀರು ಬರುತ್ತೆ ಅಂತಲ್ಲ. ಬಿಲ್ಲಲ್ಲಿ ಎಷ್ಟು ನೀರು ಬಳಸಿದ್ದಾರೆ ಅನ್ನೋ ಲೆಕ್ಕ ನೋಡಿದ್ರೆ ತಿಳಿಯುತ್ತೆ.

ಅತ್ತಿಗೆ ಮಳೆನೀರು ಹಿಡಿಯೋದು ಉಪಯೋಗಾನಾ ಅಂತ ಕೇಳಿದ್ರು. ಖಂಡಿತ ಅತ್ತಿಗೆ. ಎಂಟುನೂರು ಚದರಡಿ ತಾರಸಿಗೆ ವರ್ಷದಲ್ಲಿ ಐವತ್ತು ಸಾವಿರ ಲೀಟರ್ ಹತ್ರ ಸಿಗುತ್ತೆ, ಅಂದ್ರೆ ಎಂಟು ಟ್ಯಾಂಕರ್ ನೀರು. ಮೊದಲ ಮಳೆ ಹೊರಗೆ ಬಿಡಬೇಕು, ಫಿಲ್ಟರಲ್ಲಿರೋ ಜಲ್ಲಿ ಮರಳು ಮಳೆಗಾಲಕ್ಕೆ ಮುಂಚೆ ತೊಳೀಬೇಕು. ತೊಳೀದೇ ಇದ್ರೆ ಕಟ್ಟಿಕೊಂಡು ತಾರಸೀಲಿ ನೀರು ನಿಲ್ಲುತ್ತೆ.

ಪುಟ್ಟ, ಹಳ್ಳಿ ಹೆಸರು, ಹೋಬಳಿ, ಸರ್ವೆ ನಂಬರ್ ಮೂರೂ ನನಗೆ ಕಳಿಸು, ನಕ್ಷೆ ನಾನೂ ಒಂದು ಸಲ ನೋಡ್ತೀನಿ. ಬೋರ್ ಟೆಸ್ಟಿಗೆ ಮನೆಯವರು ಒಪ್ಪದೇ ಇದ್ರೆ ಅದನ್ನೂ ಹೇಳು.