ಬಿದ್ದ ನಾಲ್ಕನೇ ದಿನ ಮೂಗಿನ ಎರಡೂ ಹೊಳ್ಳೆ ಕಟ್ಟಿದ ಮಗು: ಸೆಪ್ಟಲ್ ಆಬ್ಸೆಸ್ (ಮೂಗಿನ ನಡುಗೋಡೆಯಲ್ಲಿ ಕೀವು) ಅಂತ ಪಿಎಚ್‌ಸಿಯಲ್ಲೇ (ಪ್ರಾಥಮಿಕ ಆರೋಗ್ಯ ಕೇಂದ್ರ) ಹಿಡಿಯುವುದು ಹೇಗೆ?

ಪಿಎಚ್‌ಸಿ_ಬೈಂದೂರು_ಕಡೆ

ಎಲ್ಲರಿಗೂ ನಮಸ್ಕಾರ. ಮಳೆಗಾಲ ಶುರುವಾದರೆ ಪಾಚಿ ಕಟ್ಟಿದ ಅಂಗಳದಲ್ಲೋ ಕೆಂಪುಕಲ್ಲಿನ ಮೆಟ್ಟಿಲಲ್ಲೋ ಜಾರಿ, ಮುಖ ಅಡಿಯಾಗಿ ಬಿದ್ದ ಮಕ್ಕಳು ಬರುವುದುಂಟು. ಮೊದಲ ದಿನ ಸ್ವಲ್ಪ ರಕ್ತ ಬಂದಿರುತ್ತದೆ, ಮೂಗು ದಪ್ಪಗಾಗಿರುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಸರಿಯಿದೆ ಅಂತ ಪ್ಯಾರಾಸಿಟಮಾಲ್ ಕೊಟ್ಟು ಕಳಿಸುತ್ತಾರೆ. ಮೂರು ನಾಲ್ಕು ದಿನ ಕಳೆದ ಮೇಲೆ ಅದೇ ಮಗು ಬಾಯಲ್ಲಿ ಉಸಿರಾಡುತ್ತಾ, ಜ್ವರ ಇಟ್ಟುಕೊಂಡು ವಾಪಸ್ ಬರುತ್ತದೆ. ಮನೆಯವರು ಶೀತ ಅನ್ನುತ್ತಾರೆ.

ಕೇಳಬೇಕಾದದ್ದು ಇಷ್ಟು. ಟಾರ್ಚ್, ಆಟೋಸ್ಕೋಪ್ (ಕಿವಿ ನೋಡುವ ದೀಪದ ಉಪಕರಣ) ಬಿಟ್ಟು ಬೇರೇನೂ ಇಲ್ಲದ ಕಡೆ ಈ ಆಬ್ಸೆಸನ್ನು ಶೀತದ ಊತದಿಂದ, ಮೊದಲೇ ಸೊಟ್ಟಗಿರುವ ಸೆಪ್ಟಮ್‌ನಿಂದ (ಮೂಗಿನ ನಡುಗೋಡೆ) ಬೇರೆ ಮಾಡಿ ಗುರುತಿಸುವುದು ಹೇಗೆ? ಆಂಟಿಬಯೋಟಿಕ್ ಕೊಟ್ಟು 24 ಗಂಟೆ ಕಾದು ನೋಡಬಹುದಾ? ಸೂಜಿ ಹಾಕಿ ಕೀವು ಎಳೆದು ಕಳಿಸಿದರೆ ಒಳ್ಳೆಯದಾ? ಸಕ್ಕರೆ ಕಾಯಿಲೆ ಇರುವ ದೊಡ್ಡವರಲ್ಲಿ ಏನಾದರೂ ಬದಲಾಗುತ್ತದಾ?

ಇಎನ್‌ಟಿ_ಮಂಗಳೂರು

ಡಾಕ್ಟ್ರೇ, ಆಟೋಸ್ಕೋಪ್ ಧಾರಾಳ ಸಾಕು. ಅದರ ಅತಿ ಅಗಲದ ಸ್ಪೆಕ್ಯುಲಮ್ (ತುದಿಯ ಕೊಳವೆ) ಹಾಕಿಕೊಳ್ಳಿ. ಹೆಬ್ಬೆರಳಿನಿಂದ ಮೂಗಿನ ತುದಿಯನ್ನು ಮೆಲ್ಲ ಮೇಲೆತ್ತಿ. ಅಷ್ಟಕ್ಕೇ ಮಗು ಚೀರಿದರೆ ಅದೇ ಮೊದಲ ಸುಳಿವು. ಬರೀ ಶೀತದಲ್ಲಿ ತುದಿ ಮುಟ್ಟಿದರೆ ಇಷ್ಟು ನೋಯುವುದಿಲ್ಲ. ಒಳಗೆ ನೋಡುವಾಗ ಉಬ್ಬು ಯಾವ ಗೋಡೆಯಿಂದ ಹೊರಟಿದೆ ಅಂತ ಗಮನಿಸಿ. ಶೀತದಲ್ಲಿ ಊದುವ ಟರ್ಬಿನೇಟ್ (ಮೂಗಿನೊಳಗಿನ ಮಡಿಕೆ) ಹೊರಗಿನ ಗೋಡೆಯದು. ಆಬ್ಸೆಸ್ ನಡುಗೋಡೆಯಿಂದ, ಸಾಮಾನ್ಯವಾಗಿ ಎರಡೂ ಕಡೆಗೆ ಉಬ್ಬಿರುತ್ತದೆ. ಹೊಳ್ಳೆಯ ಬಾಯಲ್ಲೇ ಕಾಣುವುದರಿಂದ ಎಷ್ಟೋ ಸಲ ಸ್ಪೆಕ್ಯುಲಮ್ ತೂರಿಸುವಾಗಲೇ ಅದನ್ನು ದಾಟಿ ಹೋಗಿಬಿಡುತ್ತೇವೆ. ಹಾಗಾಗಿ ಮೊದಲು ಬರೀ ಟಾರ್ಚ್‌ನಲ್ಲಿ ನೋಡಿ.

ಆಮೇಲೆ ಮೂಗಿನ ಊತ ಇಳಿಸುವ 0.05% ಕ್ಸೈಲೋಮೆಟಜೋಲಿನ್ ಎರಡೆರಡು ಹನಿ ಬಿಟ್ಟು ಹತ್ತು ನಿಮಿಷ ಕಾಯಿರಿ. ಟರ್ಬಿನೇಟ್ ಕುಗ್ಗುತ್ತದೆ. ಆಬ್ಸೆಸ್ ಇದ್ದಲ್ಲೇ ಇರುತ್ತದೆ.

ಕೊನೆಗೆ ಮುಟ್ಟಿ ನೋಡುವುದು, ಇದನ್ನು ಯಾವ ಕಾರಣಕ್ಕೂ ಬಿಡಬೇಡಿ. ಹತ್ತಿ ಸುತ್ತಿದ ಕಡ್ಡಿಯನ್ನು ಸಲೈನ್‌ನಲ್ಲಿ ಅದ್ದಿ ಉಬ್ಬಿನ ಮೇಲೆ ಹಗುರಾಗಿ ಒತ್ತಿ. ಸೊಟ್ಟ ಸೆಪ್ಟಮ್ ಗಟ್ಟಿ. ಒಂದು ಕಡೆ ಉಬ್ಬಿದ್ದರೆ ಇನ್ನೊಂದು ಕಡೆ ತಗ್ಗಿರುತ್ತದೆ. ಆಬ್ಸೆಸ್ ಆದರೆ ಈರೋಳಿನ (ತಾಟಿನಿಂಗಿನ) ತಿರುಳನ್ನು ಬೆರಳಲ್ಲಿ ಒತ್ತಿದ ಹಾಗೆ: ಮೇಲೆ ನುಣುಪು, ಒಳಗೆ ನೀರಿನ ಓಲಾಟ, ಒತ್ತಿದಲ್ಲಿ ತಗ್ಗಿ ಬಿಟ್ಟಕೂಡಲೇ ಮತ್ತೆ ತುಂಬುತ್ತದೆ. ಬಣ್ಣವನ್ನು ನಂಬಬೇಡಿ. ಕೆಂಪೋ ನೀಲಿಯೋ ಇರಲೇಬೇಕು ಅಂತಿಲ್ಲ, ಪಕ್ಕದ ಪೊರೆಯ ಬಣ್ಣವೇ ಇರಬಹುದು. ಎಕ್ಸ್‌ರೇಯಂತೂ ಇಲ್ಲಿ ದಾರಿ ತಪ್ಪಿಸುತ್ತದೆ. ಅದರಲ್ಲಿ ಸೆಪ್ಟಮ್‌ನ ರಕ್ತಗಟ್ಟೂ ಕಾಣದು, ಕೀವೂ ಕಾಣದು.

24 ಗಂಟೆ ಕಾಯುವ ಮಾತೇ ಬೇಡ. ಸೆಪ್ಟಮ್‌ನ ಮೃದ್ವಸ್ಥಿಗೆ (ಕಾರ್ಟಿಲೇಜ್) ತನ್ನದೇ ರಕ್ತನಾಳ ಇಲ್ಲ. ಎರಡೂ ಕಡೆ ಅಂಟಿಕೊಂಡಿರುವ ಪೆರಿಕಾಂಡ್ರಿಯಂ ಎಂಬ ಪೊರೆಯಿಂದ ಒಸರಿ ಬರುವುದರಲ್ಲೇ ಅದು ಬದುಕಬೇಕು. ಪೆಟ್ಟಿಗೆ ರಕ್ತ ತುಂಬಿ ಆ ಪದರ ಬಿಟ್ಟುಕೊಂಡರೆ ಒಂದು ದಿನದೊಳಗೆ ಮೃದ್ವಸ್ಥಿ ಸೊರಗತೊಡಗುತ್ತದೆ, ಮೂರು ದಿನದ ಹೊತ್ತಿಗೆ ಸತ್ತಿರಬಹುದು. ನಿಂತ ರಕ್ತದಲ್ಲಿ ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾ ಸೇರಿತೆಂದರೆ ಕರಗುವುದು ಇನ್ನೂ ಬೇಗ. ಹಾಗೆ ಹೋದದ್ದು ಮತ್ತೆ ಬೆಳೆಯುವುದಿಲ್ಲ. ಮೂಗಿನ ದಿಂಡು ಕುಸಿದು ಕುದುರೆಯ ಜೀನಿನ ಹಾಗೆ ತಗ್ಗಾಗುತ್ತದೆ. ಮಕ್ಕಳಲ್ಲಾದರೆ ಮುಖದ ನಡುಭಾಗದ ಬೆಳವಣಿಗೆಯೇ ಹಿಂದೆ ಬೀಳುತ್ತದೆ. ಆಂಟಿಬಯೋಟಿಕ್ ಕೀವಿನ ಗೂಡಿನೊಳಗೆ ಸರಿಯಾಗಿ ಹೋಗುವುದೂ ಇಲ್ಲ. ಮೊದಲ ಡೋಸ್ ಕೊಡಿ (ಮಕ್ಕಳಿಗೆ ಕೋ-ಅಮಾಕ್ಸಿಕ್ಲಾವ್ ಕೆ.ಜಿ.ಗೆ 30 ಮಿ.ಗ್ರಾಂ ಐವಿ ಅಂದರೆ ರಕ್ತನಾಳಕ್ಕೆ, ದೊಡ್ಡವರಿಗೆ 1.2 ಗ್ರಾಂ, ಅಲರ್ಜಿ ಕೇಳಿಕೊಂಡು), ಆದರೆ ಅದಕ್ಕಾಗಿ ಗಾಡಿ ನಿಲ್ಲಿಸಬೇಡಿ.

ಮಗುವಿಗೆ ಪಿಎಚ್‌ಸಿಯಲ್ಲಿ ಸೂಜಿ ಹಾಕಬೇಡಿ. ಸುಮ್ಮನೆ ಕೂರುವ ದೊಡ್ಡವರಲ್ಲಿ ಮರಗಟ್ಟಿಸುವ 4% ಲಿಗ್ನೋಕೇನ್ ಹತ್ತಿ ಇಟ್ಟು 18 ಗೇಜ್ ಸೂಜಿಯಲ್ಲಿ ಎಳೆಯಬಹುದು. ಅದರಿಂದ ರೋಗ ಖಚಿತವಾಗುತ್ತದೆ, ಲ್ಯಾಬ್‌ಗೆ ಕೀವು ಸಿಗುತ್ತದೆ, ಅಷ್ಟೇ. ತೊಂದರೆ ಏನಾಗುತ್ತದೆ ಅಂದರೆ, ಎಳೆದಕೂಡಲೇ ಉಸಿರು ಸಲೀಸಾಗಿ ಮನೆಯವರು ಗುಣವಾಯಿತೆಂದು ಊರಿಗೆ ಹೋಗಿಬಿಡುತ್ತಾರೆ. ರಾತ್ರಿ ಬೆಳಗಾಗುವುದರೊಳಗೆ ಮತ್ತೆ ತುಂಬಿರುತ್ತದೆ.

ತಾಲೂಕು ಆಸ್ಪತ್ರೆಯಲ್ಲಿ ಇಎನ್‌ಟಿ ಇರುವವರಿಗೆ: ಮಕ್ಕಳಿಗೆ ಪೂರ್ತಿ ಅರಿವಳಿಕೆ, ಉಸಿರಿನ ಟ್ಯೂಬ್, ಥ್ರೋಟ್ ಪ್ಯಾಕ್ (ಗಂಟಲಲ್ಲಿ ಇಡುವ ಬಟ್ಟೆ). ಉಬ್ಬಿನ ತಳಭಾಗದಲ್ಲಿ, ಕೀವು ತಾನೇ ಇಳಿದು ಬರುವಂತೆ, ಒಂದೇ ಕಡೆ ಛೇದ. ನಡುವಿನ ಮೃದ್ವಸ್ಥಿ ಕರಗಿದ್ದರೆ ಎರಡೂ ಕಡೆಯ ಕೀವು ಅಲ್ಲಿಂದಲೇ ಬರುತ್ತದೆ. ಇನ್ನೊಂದು ಕಡೆಯೂ ಕೊಯ್ಯಲೇಬೇಕಾದರೆ ಎದುರುಬದುರು ಬಾರದಂತೆ ಹಿಂದುಮುಂದು ಮಾಡಿ, ಇಲ್ಲವಾದರೆ ಸೆಪ್ಟಮ್‌ನಲ್ಲಿ ತೂತು ಉಳಿದುಬಿಡುತ್ತದೆ. ಸತ್ತ ಚೂರುಗಳನ್ನು ಮಾತ್ರ ತೆಗೆಯಿರಿ, ಗಟ್ಟಿಯಾಗಿ ನಿಂತದ್ದನ್ನು ಕೆರೆಯಬೇಡಿ. ಸಲೈನ್‌ನಲ್ಲಿ ತಿಳಿಯಾಗುವವರೆಗೆ ತೊಳೆದು, ಕೀವು ಹರಿದುಹೋಗಲು ಸಣ್ಣ ಡ್ರೈನ್ ಇಟ್ಟು ಹೊಲಿಗೆಯಲ್ಲಿ ನಿಲ್ಲಿಸಿ. ಸ್ಟೆರೈಲ್ ಗ್ಲೌಸ್‌ನ ಬೆರಳಿಂದ ಕತ್ತರಿಸಿದ ಪಟ್ಟಿಯೂ ಆಗುತ್ತದೆ. ಆಮೇಲೆ ಎರಡೂ ಹೊಳ್ಳೆಗೆ ಸಮನಾಗಿ ಪ್ಯಾಕ್. ಒಂದೇ ಕಡೆ ತುಂಬಿದರೆ ಪದರಗಳು ಅಂಟುವುದಿಲ್ಲ, ಖಾಲಿ ಜಾಗದಲ್ಲಿ ಮತ್ತೆ ನೀರು ತುಂಬುತ್ತದೆ.

ಮೈಕ್ರೋಬಯಾಲಜಿ_ಉಡುಪಿ

ಮೇಲಿನ ಡಾಕ್ಟ್ರು ಹೇಳಿದ್ದಕ್ಕೆ ಲ್ಯಾಬ್ ಕಡೆಯಿಂದ ಎರಡು ಮಾತು.

ಕೀವನ್ನು ಸ್ವಾಬ್‌ನಲ್ಲಿ ಒರೆಸಿ ಕಳಿಸಬೇಡಿ. ಸ್ವಾಬ್ ಒಣಗುತ್ತದೆ, ಮೂಗಿನ ಮಾಮೂಲಿ ಬ್ಯಾಕ್ಟೀರಿಯಾ ಹತ್ತಿಕೊಳ್ಳುತ್ತದೆ, ಅನೇರೋಬ್‌ಗಳು (ಆಮ್ಲಜನಕ ಇಲ್ಲದೆ ಬೆಳೆಯುವ ಬ್ಯಾಕ್ಟೀರಿಯಾ) ಸಾಯುತ್ತವೆ. 1 ಮಿ.ಲೀ. ಕೀವು ಸಿರಿಂಜ್‌ನಲ್ಲೇ ಇರಲಿ. ಗಾಳಿ ಹೊರಗೆ ತಳ್ಳಿ, ಸೂಜಿ ತೆಗೆದು, ಸ್ಟೆರೈಲ್ ಮುಚ್ಚಳ ಹಾಕಿ ಎರಡು ಗಂಟೆಯೊಳಗೆ ತಲುಪಿಸಿ. ಫ್ರಿಜ್ ಬೇಡ. ಗ್ರಾಮ್ ಸ್ಟೇನ್ (ಬಣ್ಣ ಹಾಕಿ ಬ್ಯಾಕ್ಟೀರಿಯಾ ನೋಡುವ ಪರೀಕ್ಷೆ) ಅದೇ ದಿನ ಗೊತ್ತಾಗುತ್ತದೆ. ಗುಂಪುಗುಂಪಾದ ಗ್ರಾಮ್ ಪಾಸಿಟಿವ್ ಕಾಕೈ (ದುಂಡು ಬ್ಯಾಕ್ಟೀರಿಯಾ) ಕಂಡು ರೋಗಿ ಸುಸ್ತಾಗಿದ್ದರೆ ಎಂಆರ್‌ಎಸ್‌ಎ (ಮಾಮೂಲಿ ಔಷಧಿಗೆ ಬಗ್ಗದ ಸ್ಟೆಫಿಲೋಕಾಕಸ್) ಇರಬಹುದೆಂದುಕೊಂಡು ವ್ಯಾಂಕೊಮೈಸಿನ್ ಸೇರಿಸುವುದೇ ಕ್ಷೇಮ. ಮೇಲಿನ ಮುಂಬಲ್ಲಿನ ಬೇರಿನಿಂದ ಬಂದದ್ದಾದರೆ ಅನೇರೋಬ್ ಕಲ್ಚರ್ ಅಂತ ಚೀಟಿಯಲ್ಲಿ ಬರೆಯಿರಿ.

ಸಕ್ಕರೆ ಕಾಯಿಲೆಯ ಪ್ರಶ್ನೆಗೆ ಬರುತ್ತೇನೆ. ಅವರಲ್ಲಿ ಪೆಟ್ಟೇ ಇಲ್ಲದೆ, ಮೂಗಿನ ಕೂದಲು ಕಿತ್ತದ್ದರಿಂದಲೋ ಒಳಗಿನ ಕುರು ಹಿಸುಕಿದ್ದರಿಂದಲೋ ಆಬ್ಸೆಸ್ ಆಗಬಹುದು. ಕ್ಲೆಬ್ಸಿಯೆಲ್ಲಾದಂಥ ಗ್ರಾಮ್ ನೆಗೆಟಿವ್‌ಗಳೂ ಬೆಳೆಯುತ್ತವೆ. ಆದರೆ ನಮ್ಮ ಕರಾವಳಿಯಲ್ಲಿ ಇನ್ನೊಂದನ್ನು ತಲೆಯಲ್ಲಿಡಲೇಬೇಕು: ಮೆಲಿಯಾಯ್ಡೋಸಿಸ್, ಮಣ್ಣು-ನೀರಿನಿಂದ ಬರುವ ಬ್ಯಾಕ್ಟೀರಿಯಾ ಸೋಂಕು. ಮಳೆಗಾಲ, ಗದ್ದೆ-ತೋಟದ ಕೆಸರು, ಹತೋಟಿಯಲ್ಲಿಲ್ಲದ ಸಕ್ಕರೆ ಮೂರೂ ಕೂಡಿದರೆ ದೇಹದ ಎಲ್ಲಿ ಬೇಕಾದರೂ ಕೀವು ಕಟ್ಟಬಹುದು. ಸೆಪ್ಟಮ್‌ನಲ್ಲಿ ಅಪರೂಪ, ಆದರೆ ತಪ್ಪಿಹೋದರೆ ಜೀವಕ್ಕೇ ಬರುತ್ತದೆ. ಇದರ ಬ್ಯಾಕ್ಟೀರಿಯಾ ಬರ್ಖೋಲ್ಡೇರಿಯಾ ನಿಧಾನವಾಗಿ, ಹಲವು ಸಲ 48 ಗಂಟೆಯ ಮೇಲೆ ಬೆಳೆಯುತ್ತದೆ. ಸೂಡೊಮೊನಾಸ್ ಅಂತಲೋ ಕಂಟಾಮಿನೆಂಟ್ (ಹೊರಗಿನಿಂದ ಸೇರಿಕೊಂಡದ್ದು) ಅಂತಲೋ ಬದಿಗಿಡುವ ಅಪಾಯ ಉಂಟು. ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ಬಗ್ಗದೆ ಕೋ-ಅಮಾಕ್ಸಿಕ್ಲಾವ್‌ಗೆ ಬಗ್ಗಿದ ಗ್ರಾಮ್ ನೆಗೆಟಿವ್ ಕಂಡರೆ ತಕ್ಷಣ ಫೋನ್ ಮಾಡಿ ಕೇಳಿ. ಸೆಫ್ಟ್ರಿಯಾಕ್ಸೋನ್ ಇದಕ್ಕೆ ಸಾಲದು. ಸೆಫ್ಟಜಿಡಿಮ್ ಅಥವಾ ಮೆರೋಪೆನೆಮ್ ಕನಿಷ್ಠ 10–14 ದಿನ, ಆಮೇಲೆ ಕೋ-ಟ್ರೈಮೋಕ್ಸಜೋಲ್ ಮೂರು ತಿಂಗಳು ಬೇಕು.

ಕಪ್ಪು ಹಕ್ಕಳೆ ಕಂಡರೆ ದಾರಿಯೇ ಬೇರೆ. ಅದು ಮ್ಯೂಕರ್ ಎಂಬ ಶಿಲೀಂಧ್ರದ ಸೋಂಕು ಇರಬಹುದು. ಆಗ ಕೆಓಎಚ್ ಮೌಂಟ್ (ಶಿಲೀಂಧ್ರ ಹುಡುಕುವ ಸೂಕ್ಷ್ಮದರ್ಶಕ ಪರೀಕ್ಷೆ) ತುರ್ತಾಗಿ ಆಗಬೇಕು.

ಪಿಎಚ್‌ಸಿ_ಬೈಂದೂರು_ಕಡೆ

ತುಂಬಾ ಉಪಕಾರವಾಯಿತು ಸರ್, ಮೇಡಂ. ಇನ್ನೊಂದು ಸಂಶಯ. ಯಾವ ಲಕ್ಷಣ ಕಂಡರೆ ಹತ್ತಿರದ ಆಸ್ಪತ್ರೆ ಬಿಟ್ಟು ನೇರ ದೊಡ್ಡ ಆಸ್ಪತ್ರೆಗೇ ಕಳಿಸಬೇಕು?

ಇಎನ್‌ಟಿ_ಮಂಗಳೂರು

ಮೂಗಿನ ಈ ಭಾಗದ ರಕ್ತ ಕಣ್ಣಿನ ಸಿರೆಗಳ ಮೂಲಕ ಮಿದುಳಿನ ಬುಡದ ಕ್ಯಾವರ್ನಸ್ ಸೈನಸ್ ಎಂಬ ರಕ್ತದ ಕುಳಿಗೂ ಹೋಗಬಲ್ಲದು. ಸೋಂಕಿಗೂ ಅದೇ ದಾರಿ. ಹಾಗಾಗಿ ರೆಪ್ಪೆ ಊದುವುದು, ಕಣ್ಣು ಮುಂದೆ ಬರುವುದು, ಎರಡೆರಡು ಕಾಣುವುದು, ಚಳಿ ನಡುಕದ ಜ್ವರ, ಜೋರು ತಲೆನೋವಿನ ಜೊತೆ ವಾಂತಿ, ಕುತ್ತಿಗೆ ಬಿಗಿತ, ಮಂಪರು. ಇದರಲ್ಲಿ ಒಂದಿದ್ದರೂ ಕಾಯಬಾರದು. ಬೆರಳು ತೋರಿಸಿ ಕಣ್ಣನ್ನು ಹೊರಬದಿಗೆ ಹೊರಳಿಸಲು ಹೇಳಿ. ಕ್ಯಾವರ್ನಸ್ ಸೈನಸ್‌ನಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಕಣ್ಣನ್ನು ಹೊರಕ್ಕೆ ತಿರುಗಿಸುವ ಆರನೇ ನರ. ಒಂದು ಕಣ್ಣಲ್ಲಿ ಶುರುವಾದದ್ದು ಇನ್ನೊಂದಕ್ಕೂ ಹೋಯಿತೆಂದರೆ ಸಂಶಯ ಬಲವಾಗುತ್ತದೆ. ಇವರಿಗೆ ಕಾಂಟ್ರಾಸ್ಟ್ ಸಿಟಿ ಅಥವಾ ಎಂಆರ್ ವೆನೋಗ್ರಫಿ (ಸಿರೆಗಳ ಎಂಆರ್‌ಐ ಸ್ಕ್ಯಾನ್) ಬೇಕು, ಕಣ್ಣಿನವರೂ ನ್ಯೂರೋದವರೂ ಒಂದೇ ಕಡೆ ಸಿಗಬೇಕು. ನಿಮ್ಮ ಕಡೆಯಿಂದ ಮಣಿಪಾಲ ಹತ್ತಿರ, ಪುತ್ತೂರು-ಸುಳ್ಯದವರಿಗೆ ಮಂಗಳೂರು.

ಇವು ಯಾವುದೂ ಇಲ್ಲದ ಮಗುವಿಗೆ ಸಿಟಿ ಬೇಕೆಂದಿಲ್ಲ. ಉಡುಪಿಯ ಅಜ್ಜರಕಾಡು ಅಥವಾ ಮಂಗಳೂರಿನ ವೆನ್‌ಲಾಕ್ ಸರಕಾರಿ ಆಸ್ಪತ್ರೆಗೆ ಕಳಿಸುವ ಮೊದಲು, ಆ ಹೊತ್ತಿಗೆ ಇಎನ್‌ಟಿಯವರೂ ಅರಿವಳಿಕೆಯವರೂ ಇದ್ದಾರಾ ಅಂತ ಫೋನ್ ಮಾಡಿ ಕೇಳಿ.

ವಾರ್ಡ್_ಸಿಸ್ಟರ್_ಉಡುಪಿ

ಡಾಕ್ಟ್ರೇ, ಕಳಿಸುವ ಚೀಟಿಯಲ್ಲಿ ಬಿದ್ದ ದಿನ-ಹೊತ್ತು, ಮಗುವಿನ ತೂಕ, ಕೊಟ್ಟ ಔಷಧಿ, ಕೊನೆಗೆ ಏನು ಎಷ್ಟು ಗಂಟೆಗೆ ತಿಂದದ್ದು ಎಲ್ಲ ಬರೆದಿರಲಿ. ಹಸಿದ ಮಗುವಿಗೆ ದಾರಿಯಲ್ಲಿ ಬನ್ಸ್-ಚಹಾ ಕೊಡಿಸಿಬಿಡುತ್ತಾರೆ. ಗಟ್ಟಿ ಆಹಾರಕ್ಕೆ ಆರು ಗಂಟೆ ಅಂತ ಅರಿವಳಿಕೆ ಮುಂದೆ ಹೋಗುತ್ತದೆ. ಬರೀ ನೀರಾದರೆ ಎರಡು ಗಂಟೆ. ಇದನ್ನು ಅಮ್ಮನಿಗೆ ಬಿಡಿಸಿ ಹೇಳಿ ಕಳಿಸಿ.

ಆಪರೇಷನ್ ಮುಗಿದಾಗ ಥ್ರೋಟ್ ಪ್ಯಾಕ್ ಹೊರಗೆ ಬಂತಾ ಅಂತ ಲೆಕ್ಕ ಮಾಡಿ, ಬೋರ್ಡಿನಲ್ಲಿ ಅಳಿಸಿದ ಮೇಲೆಯೇ ಟ್ಯೂಬ್ ತೆಗೆಯುವುದು. ವಾರ್ಡಿನಲ್ಲಿ ತಲೆದಿಂಬು 30 ಡಿಗ್ರಿ ಎತ್ತರ. ಮೂಗು ತುಂಬಿದ ಮಗು ಬಾಯಲ್ಲೇ ಉಸಿರಾಡುವುದರಿಂದ ತುಟಿ ಒಣಗುತ್ತದೆ, ಪದೇಪದೇ ಒದ್ದೆ ಮಾಡಿ. ಪ್ಯಾಕ್ ಇರುವಷ್ಟು ಕಾಲ ಜ್ವರ, ಬಿಪಿ, ಮೈಮೇಲೆ ಬಿಸಿಲಿಗೆ ಸುಟ್ಟಂಥ ಕೆಂಪು, ಭೇದಿ ಗಮನಿಸಬೇಕು. ಅಪರೂಪವಾದರೂ ಟಾಕ್ಸಿಕ್ ಶಾಕ್ (ಬ್ಯಾಕ್ಟೀರಿಯಾ ವಿಷ ಮೈಗೇರಿ ಬಿಪಿ ಕುಸಿಯುವುದು) ಹೀಗೆಯೇ ಶುರುವಾಗುತ್ತದೆ. ಆಗ ಪ್ಯಾಕ್ ಅದೇ ಕ್ಷಣ ಹೊರಗೆ ಬರಬೇಕು.

ಇಎನ್‌ಟಿ_ಮಂಗಳೂರು

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ಪ್ಯಾಕ್ 48 ಗಂಟೆಯ ಸುಮಾರಿಗೆ ಸಲೈನ್‌ನಲ್ಲಿ ನೆನೆಸಿ ತೆಗೆಯಿರಿ, ಡ್ರೈನ್ ಕೀವು ನಿಂತ ಮೇಲೆ. ತೆಗೆದ ಮರುದಿನ ಹತ್ತಿ ಕಡ್ಡಿಯಿಂದ ಮತ್ತೊಮ್ಮೆ ಒತ್ತಿ ನೋಡದೆ ಮನೆಗೆ ಬಿಡಬೇಡಿ. ಮತ್ತೆ ತುಂಬಿದ್ದು ಸಿಕ್ಕುವುದು ಆಗಲೇ. ಐವಿ ಮೂರರಿಂದ ಐದು ದಿನ, ಬಾಯಲ್ಲಿ ಕೊಡುವುದೂ ಸೇರಿ ಒಟ್ಟು 10–14 ದಿನ. ಎರಡು ವಾರ ಮೂಗು ಊದಿ ಸಿಂಬಳ ತೆಗೆಯುವಂತಿಲ್ಲ, ಮನೆಯಲ್ಲಿ ಎಣ್ಣೆ ಬಿಡುವಂತಿಲ್ಲ, ಶಾಖ ಕೊಡುವಂತಿಲ್ಲ.

ಮಕ್ಕಳನ್ನು ಒಂದು ವಾರಕ್ಕೆ, ಒಂದು ತಿಂಗಳಿಗೆ, ಆಮೇಲೆ ಮುಖದ ಬೆಳವಣಿಗೆ ಮುಗಿಯುವವರೆಗೆ ವರ್ಷಕ್ಕೊಮ್ಮೆ ನೋಡಬೇಕು. ಅಷ್ಟು ದೂರ ಬರಲಾಗದವರನ್ನು ನಿಮ್ಮ ಪಿಎಚ್‌ಸಿಯಲ್ಲೇ ನೋಡಿ. ಪ್ರತಿ ಸಲ ಒಂದೇ ದೂರದಿಂದ, ಒಂದೇ ಬದಿಯಿಂದ ಮುಖದ ಫೋಟೋ ತೆಗೆದು ಹಿಂದಿನದರ ಪಕ್ಕ ಇಡಿ. ತುದಿ ಇಳಿಯತೊಡಗಿದ್ದು ಎದುರಿನಿಂದ ನೋಡಿದರೆ ಬೇಗ ತಿಳಿಯುವುದಿಲ್ಲ.