ಯುರೋಪಿನ್ಯಾಗ ಗಾಳಿ-ಬಿಸಿಲಿನ ಕರೆಂಟ್ ಅಷ್ಟಿದ್ರೂ ಬಿಲ್ ಯಾಕ ತುಟ್ಟಿ? ನಮ್ಮ ಪೈಪ್ ಗ್ಯಾಸಿಗೂ ಅದಕ್ಕೂ ಏನ್ ಸಂಬಂಧ?

ತಾರಿಹಾಳ ಭಟ್ಟಿ

ಎರಡು ಪ್ರಶ್ನೆ ಅದಾವ, ಗೊತ್ತಿದ್ದವರು ಲೆಕ್ಕ ಸಮೇತ ಹೇಳ್ರಿ.

ಯುರೋಪ್ ಒಕ್ಕೂಟದಾಗ ಗಾಳಿ, ಬಿಸಿಲು, ನೀರು, ಅಣು ಎಲ್ಲಾ ಕೂಡಿಸಿದ್ರ ನೂರಕ್ಕ ಎಪ್ಪತ್ತರಷ್ಟು ಕರೆಂಟ್ ಗ್ಯಾಸು, ಕಲ್ಲಿದ್ದಲು ಇಲ್ಲದನ ತಯಾರಾಗ್ತದ. ಆದ್ರೂ ಗ್ಯಾಸ್ ತುಟ್ಟಿ ಆತಂದ್ರ ಕರೆಂಟೂ ಅದರ ಬೆನ್ನ ಹತ್ತಿ ಏರ್ತದ. ಜರ್ಮನಿಯೊಳಗ 2025ರಾಗ ಮನಿ ಕರೆಂಟ್ ಯೂನಿಟ್ಟಿಗೆ 39-40 ಸೆಂಟ್ ಇತ್ತು, ಅಂದ್ರ ₹40ರ ಹತ್ರ. ನಮ್ಮ ಭಾಗದ ಕರೆಂಟ್ ಕಂಪನಿ ಹೆಸ್ಕಾಂ 2025-26ರಾಗ ₹5.80ಕ್ಕ ಕೊಟ್ಟದ. ಇಷ್ಟು ಅಂತರ ಹ್ಯಾಂಗ?

ಎರಡನೇದು: ಕಾರ್ಖಾನಿಗೆ ಬರೋ ಪೈಪ್ ಗ್ಯಾಸಿನ ದರ ಏರಿದಾಗೆಲ್ಲಾ ‘ಯುರೋಪ್ ಮಾರ್ಕೆಟ್ ಏರೇದ’ ಅಂತ ಉತ್ತರ ಬರ್ತದ. ಇದು ಖರೇನೋ, ನೆವಾನೋ?

ಸಾಧನಕೇರಿ

ಮೊದಲನೆಯದಕ್ಕೆ ಉತ್ತರಿಸುತ್ತೇನೆ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಪ್ರತಿ ಲಾಟಿಗೂ ಅದರದೇ ದರ ಬೀಳುತ್ತದೆ. ಯುರೋಪಿನ ಕರೆಂಟ್ ಹರಾಜು ಹಾಗಲ್ಲ. ನಾಳೆಯ ಕರೆಂಟಿಗೆ ಇವತ್ತು ಮಧ್ಯಾಹ್ನ 12ರೊಳಗೆ ಎಲ್ಲ ಸ್ಥಾವರಗಳೂ ದರ ಕೂಗುತ್ತವೆ. ಕಡಿಮೆ ಕೂಗಿದವರಿಂದ ಶುರು ಮಾಡಿ ಬೇಡಿಕೆ ತುಂಬುವವರೆಗೆ ತೆಗೆದುಕೊಳ್ಳುತ್ತಾರೆ. ಕಟ್ಟಕಡೆಗೆ ಯಾವ ಸ್ಥಾವರ ಬೇಕಾಯಿತೋ ಅದರ ದರವೇ ಎಲ್ಲರಿಗೂ. ಗಾಳಿಯಂತ್ರದವನು ಸೊನ್ನೆಗೆ ಕೂಗಿದ್ದರೂ ಅವನಿಗೂ ಅದೇ ದರ. ಸಂಜೆ ಬಿಸಿಲು ಇಳಿದ ಮೇಲೆ ಆ ಕೊನೆಯ ಸ್ಥಾವರ ಬಹಳ ಸಲ ಗ್ಯಾಸಿನದೇ ಆಗಿರುತ್ತದೆ. ಒಟ್ಟು ಉತ್ಪಾದನೆಯಲ್ಲಿ ಗ್ಯಾಸಿನ ಪಾಲು ಎಷ್ಟು ಎಂಬುದಕ್ಕಿಂತ, ದಿನದ ಎಷ್ಟು ಹೊತ್ತು ಗ್ಯಾಸ್ ದರ ಕಟ್ಟುತ್ತದೆ ಎಂಬುದು ಮುಖ್ಯ. ಇಟಲಿಯಲ್ಲಿ ಬಹುತೇಕ ಹೊತ್ತು ಅದೇ. ಸ್ಪೇನಿನಲ್ಲಿ ಸೌರ, ಗಾಳಿ ಹೆಚ್ಚಿದಂತೆ ಆ ಹೊತ್ತು ಕಡಿಮೆಯಾಗಿದೆ, ಸಗಟು ದರವೂ ಇಳಿದಿದೆ.

ಈಗ ಲೆಕ್ಕ. ಯುರೋಪಿನ ಗ್ಯಾಸ್ ದರದ ಅಳತೆಗೋಲು ನೆದರ್ಲೆಂಡ್ಸಿನ ಟಿಟಿಎಫ್. ಅಲ್ಲಿ ಗ್ಯಾಸ್ ಮೆಗಾವಾಟ್ ಗಂಟೆಗೆ (ಅಂದರೆ 1,000 ಯೂನಿಟ್ಟಿಗೆ) 30 ಯೂರೋ ಇದೆ ಅನ್ನಿ. ಸ್ಥಾವರದ ದಕ್ಷತೆ ಶೇ 50 ಹಿಡಿದರೆ 1 ಮೆಗಾವಾಟ್ ಗಂಟೆ ಕರೆಂಟಿಗೆ 2 ಮೆಗಾವಾಟ್ ಗಂಟೆ ಗ್ಯಾಸ್ ಬೇಕು: 60 ಯೂರೋ. ಅದನ್ನು ಸುಟ್ಟರೆ ಸುಮಾರು 0.4 ಟನ್ ಇಂಗಾಲದ ಡೈಆಕ್ಸೈಡ್. ಅದನ್ನು ಗಾಳಿಗೆ ಬಿಡಲು ಸ್ಥಾವರ ಕೊಳ್ಳಬೇಕಾದ ಪರವಾನಗಿ ಟನ್ನಿಗೆ 70 ಯೂರೋ ಇದ್ದರೆ 28 ಯೂರೋ. ನಿರ್ವಹಣೆಯ ಚಿಲ್ಲರೆ ಸೇರಿಸಿ 90ರ ಹತ್ತಿರ, ಯೂನಿಟ್ಟಿಗೆ 9 ಸೆಂಟ್. 2022ರ ಆಗಸ್ಟ್ ಕೊನೆಗೆ ಟಿಟಿಎಫ್ 300 ದಾಟಿತ್ತು. ಅದೇ ಸೂತ್ರದಲ್ಲಿ ಹಾಕಿದರೆ ಬರೀ ಗ್ಯಾಸಿಗೇ 600 ಯೂರೋ.

ನಮ್ಮಲ್ಲಿನ ವಿದ್ಯುತ್ ವಿನಿಮಯ ಕೇಂದ್ರ ಐಇಎಕ್ಸ್ ಕೂಡ ಇದೇ ಪದ್ಧತಿಯದು. ದಿನಕ್ಕೆ 15 ನಿಮಿಷದ 96 ತುಂಡು, ಪ್ರತಿ ತುಂಡಿಗೆ ಒಂದೇ ದರ. (ಯುರೋಪ್ 15 ನಿಮಿಷಕ್ಕೆ ಬಂದದ್ದು 2025ರ ಅಕ್ಟೋಬರಿನಲ್ಲಿ, ಈ ವಿಷಯದಲ್ಲಿ ನಾವೇ ಮುಂದು.) ವ್ಯತ್ಯಾಸ ಎರಡು. ನಮ್ಮಲ್ಲಿ ಯೂನಿಟ್ಟಿಗೆ ₹10ರ ಗರಿಷ್ಠ ಮಿತಿ ಇದೆ. ಅಲ್ಲಿ ಮೆಗಾವಾಟ್ ಗಂಟೆಗೆ 4,000 ಯೂರೋ, ಅಂದರೆ ಯೂನಿಟ್ಟಿಗೆ 4 ಯೂರೋ. ಇನ್ನೊಂದು, ಹೆಸ್ಕಾಂ ಕೊಳ್ಳುವುದರಲ್ಲಿ ಬಹುಪಾಲು ದೀರ್ಘಾವಧಿ ಕರಾರಿನದು. ಶರಾವತಿ, ಕೈಗಾ, ರಾಯಚೂರು, ಬಳ್ಳಾರಿ, ಗದಗಿನ ಗಾಳಿ, ಪಾವಗಡದ ಬಿಸಿಲು, ಒಂದೊಂದಕ್ಕೂ ಅದರದೇ ದರ. ಸರಾಸರಿ ತೆಗೆದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿ ದರ ಕಟ್ಟುತ್ತದೆ. ಕರ್ನಾಟಕದಲ್ಲಿ ಗ್ಯಾಸಿನ ದೊಡ್ಡ ಸ್ಥಾವರವೆಂದರೆ ಯಲಹಂಕದ 370 ಮೆಗಾವಾಟಿನದು. ಅದು ಸರಾಸರಿಯನ್ನು ಅಲುಗಾಡಿಸುವಷ್ಟು ದೊಡ್ಡದಲ್ಲ.

ಹಾಗಂತ ₹5.80ನ್ನು 40 ಸೆಂಟಿನ ಪಕ್ಕಕ್ಕಿಡುವುದು ಸರಿಯಲ್ಲ. ಜರ್ಮನಿಯ 40 ಸೆಂಟಿನಲ್ಲಿ ತಂತಿಯ ಬಾಡಿಗೆ, ತೆರಿಗೆ ಎಲ್ಲ ಸೇರಿವೆ. ಕರೆಂಟಿನ ಖರೀದಿ ಮತ್ತು ಮಾರಾಟದ ಪಾಲು ಅರ್ಧಕ್ಕಿಂತ ಕಡಿಮೆ. ನಮ್ಮ ಬಿಲ್ಲನ್ನೂ ಹಾಗೇ ನೋಡಿ: 2025-26ರ ದರದಲ್ಲಿ 3 ಕಿಲೋವಾಟ್ ಮಂಜೂರಾದ ಮನೆ ತಿಂಗಳಿಗೆ 100 ಯೂನಿಟ್ ಉರಿಸಿದರೆ ನಿಗದಿತ ಶುಲ್ಕ ₹435, ಯೂನಿಟ್ ದರ ₹580, ವಿದ್ಯುತ್ ನೌಕರರ ಪಿಂಚಣಿ ಬಾಬ್ತು 36 ಪೈಸೆಯಂತೆ ₹36, ಮೇಲೆ ಶೇ 9 ತೆರಿಗೆ. ಗೃಹಜ್ಯೋತಿ ಇಲ್ಲದಿದ್ದರೆ ₹1,100 ದಾಟುತ್ತದೆ, ಯೂನಿಟ್ಟಿಗೆ ₹11.

ಮುಂಡರಗಿ ಗಾಳಿ

ಎರಡನೇ ಪ್ರಶ್ನೆಗೆ: ಅರ್ಧ ಖರೆ, ಅರ್ಧ ನೆವ.

ನಮ್ಮ ಭಾಗಕ್ಕ ಗ್ಯಾಸ್ ಬರೋದು ದಾಭೋಲ್-ಬೆಂಗಳೂರು ಕೊಳವಿಯೊಳಗ. 2013ರಾಗ ಚಾಲೂ ಆತು. ಬೆಳಗಾವಿ, ಧಾರವಾಡ, ಗದಗ, ಬಳ್ಳಾರಿ, ದಾವಣಗೆರಿ ಹಿಡದು ಬಿಡದಿ ತನಕ ಹೋಗ್ತದ. ಮನಿ ಅಡಿಗಿಗೆ ಮತ್ತ ಸಿಎನ್‌ಜಿಗೆ ದೇಶದೊಳಗಿನ ಸೋವಿ ಗ್ಯಾಸ್ ಮೊದಲ ಹಂಚ್ತಾರ. ಅದರ ದರ 2023ರ ಏಪ್ರಿಲಿನಿಂದ ಕಚ್ಚಾ ತೈಲದ ಶೇ 10, ಮ್ಯಾಲೊಂದು ಮಿತಿ. ಶುರುವಿಗೆ ಆ ಮಿತಿ ಎಂಎಂಬಿಟಿಯುಗೆ (ಗ್ಯಾಸಿನ ಶಾಖದ ಅಳತಿ) 6.5 ಡಾಲರ್ ಇತ್ತು. ಕಾರ್ಖಾನಿಗೆ ಆ ಪಾಲು ಇಲ್ಲ. ನಿಮಗ ಬರೋದು ತಂಪು ಮಾಡಿ ದ್ರವ ಮಾಡಿದ, ಹಡಗಿನ ಎಲ್‌ಎನ್‌ಜಿ ದರದ್ದು.

ಎಲ್‌ಎನ್‌ಜಿ ಹಡಗು ಎತ್ತ ರೊಕ್ಕ ಹೆಚ್ಚೋ ಅತ್ತ ಹೊಳ್ಳತದ. 2021ರ ತನಕ ಯುರೋಪ್ ಹೊರಗಿಂದ ತರಸೋ ಗ್ಯಾಸಿನಾಗ ಶೇ 45ರಷ್ಟು ರಷ್ಯಾದ್ದಿತ್ತು. ಆ ಕೊಳವಿ ಬತ್ತಿದ ಮ್ಯಾಲ ಯುರೋಪ್ ಹಡಗಿನ ಗ್ಯಾಸಿಗೆ ಬಿತ್ತು. 2022ರ ಜುಲೈನಾಗ ಪಾಕಿಸ್ತಾನ ಟೆಂಡರ್ ಕರದ್ರ ಒಬ್ಬನೂ ಬರಲಿಲ್ಲ.

ನಮಗ ಸೀದಾ ತಟ್ಟಿದ್ದು ಇನ್ನೊಂದು. ನಮ್ಮ ಸರ್ಕಾರದ ಗ್ಯಾಸ್ ಕಂಪನಿ ಗೇಲ್ 2012ರಾಗ ರಷ್ಯಾದ ಗ್ಯಾಸ್ ಕಂಪನಿ ಗಾಜ್‌ಪ್ರೋಮಿನ ಸಿಂಗಪುರ ಶಾಖೆ ಜೋಡಿ 20 ವರ್ಷದ ಕರಾರು ಮಾಡಿತ್ತು. ಆ ಶಾಖೆ ಇದ್ದದ್ದು ಗಾಜ್‌ಪ್ರೋಮ್ ಜರ್ಮೇನಿಯಾದ ಕೈಕೆಳಗ. 2022ರ ಏಪ್ರಿಲಿನಾಗ ಜರ್ಮನಿ ಸರ್ಕಾರ ಅದನ್ನ ತನ್ನ ಸುಪರ್ದಿಗೆ ತಗೊಂಡು ಆಮ್ಯಾಲ ಸೆಫೆ ಅಂತ ಹೆಸರಿಟ್ಟಿತು. ಅದೇ ವರ್ಷದ ನಡುವಿನಿಂದ ಗೇಲ್‌ಗೆ ಬರೋ ಹಡಗು ಬಂದಾದವು. ಗೇಲ್ ತನ್ನ ಗಿರಾಕಿಗಳಿಗೆ ಪಾಲು ಕಡಿಮಿ ಮಾಡಿತು. ವ್ಯಾಜ್ಯ ಮುಗಿದದ್ದು 2025ರ ಜನವರಿಯೊಳಗ, 28.5 ಕೋಟಿ ಡಾಲರ್ ಪರಿಹಾರಕ್ಕ. ಬರ್ಲಿನ್-ಮಾಸ್ಕೋ ಜಗಳದಾಗ ನಮ್ಮ ಕೊಳವಿ ಬಡವಾತು, ಇದು ಖರೆ.

ನೆವ ಎಲ್ಲಿ ಅಂದ್ರ: ನಿಮ್ಮ ಕರಾರು ಬ್ರೆಂಟ್ ತೈಲಕ್ಕ (ಕಚ್ಚಾ ತೈಲದ ದರದ ಅಳತೆಗೋಲು) ಕಟ್ಟಿದ್ದಿದ್ರ ಟಿಟಿಎಫ್ ಏರಿದ್ದಕ್ಕ ನಿಮ್ಮ ದರ ಏರಬಾರದು. ತಾಳಿ ನೋಡೋ ಲೆಕ್ಕ ಕೊಡ್ತೀನಿ. 1 ಮೆಗಾವಾಟ್ ಗಂಟೆ ಅಂದ್ರ 3.412 ಎಂಎಂಬಿಟಿಯು. ಟಿಟಿಎಫ್ 30 ಯೂರೋ ಇದ್ರ ಎಂಎಂಬಿಟಿಯುಗೆ 8.8 ಯೂರೋ, ಹೆಚ್ಚುಕಡಿಮಿ 10 ಡಾಲರ್. ಒಂದು ಎಂಎಂಬಿಟಿಯುಗೆ ಸುಮಾರು 26 ಸ್ಟ್ಯಾಂಡರ್ಡ್ ಘನ ಮೀಟರ್, ಅಂದ್ರ ಎಸ್‌ಸಿಎಂ. ಡಾಲರಿಗೆ ₹85 ಹಿಡಿದ್ರ ಎಸ್‌ಸಿಎಂಗೆ ₹32-33. ಇದರ ಮ್ಯಾಲ ದ್ರವಾನ ಹೊಳ್ಳಿ ಗ್ಯಾಸ್ ಮಾಡೋ ಖರ್ಚು (ಮರುಅನಿಲೀಕರಣ), ಕೊಳವಿ ಬಾಡಿಗಿ, ವಿತರಕರ ಪಾಲು, ವ್ಯಾಟ್. ಗ್ಯಾಸ್ ಜಿಎಸ್‌ಟಿಯೊಳಗ ಇಲ್ಲ, ಹಂಗಾಗಿ ಕಟ್ಟಿದ ವ್ಯಾಟ್ ನಿಮ್ಮ ಜಿಎಸ್‌ಟಿ ಲೆಕ್ಕದಾಗ ಹೊಳ್ಳಿ ಸಿಗೂದಿಲ್ಲ.

ನೆನಪಿಡೋ ಅಂದಾಜು: ಟಿಟಿಎಫ್ 1 ಯೂರೋ ಏರಿದ್ರ ಎಸ್‌ಸಿಎಂಗೆ ₹1ಕ್ಕಿಂತ ತುಸು ಹೆಚ್ಚು. ಬ್ರೆಂಟಿನ ಶೇ 12 ಅಂತ ಕರಾರಿದ್ರ ಬ್ಯಾರಲ್ಲಿಗೆ 1 ಡಾಲರ್ ಏರಿದಾಗ 40 ಪೈಸೆಯ ಸುತ್ತ. ಇದಕ್ಕಿಂತ ಹೆಚ್ಚು ಏರಿಸಿದ್ರ ಯುರೋಪಿನ ಹೆಸರು ಹೇಳಬ್ಯಾಡ್ರಿ ಅಂತ ಕೇಳಬಹುದು.

ತಾರಿಹಾಳ ಭಟ್ಟಿ

ಭಾಳ ಉಪಕಾರ ರೀ. ಇನ್ನೊಂದು: ಅಲ್ಲಿ ಸರ್ಕಾರಗಳು ಗೃಹಜ್ಯೋತಿ ಥರ ಸುಮ್ಮನ ಬಿಲ್ ಕಟ್ಟಿಬಿಟ್ರ ಆಗ್ತಿರಲಿಲ್ಲೇನು?

ಮೋಟೆಬೆನ್ನೂರು

ಕಟ್ಟಿದವು. ಆದರೆ ಯಾವ ಸೂತ್ರದಲ್ಲಿ ಕಟ್ಟಿದವು ಅನ್ನುವುದರಲ್ಲೇ ಎಲ್ಲ ಇದೆ.

ಗ್ಯಾಸ್ ನಿಜಕ್ಕೂ ಸಾಲದೇ ಇದ್ದಾಗ ದರ ಇಳಿಸಿದರೆ ಜನ ಹೆಚ್ಚು ಉರಿಸುತ್ತಾರೆ, ಸಾಲದಿದ್ದದ್ದು ಇನ್ನೂ ಸಾಲದಾಗುತ್ತದೆ. ಜರ್ಮನಿ 2023ರಲ್ಲಿ ಇದಕ್ಕೊಂದು ಜಾಣ ದಾರಿ ಹಿಡಿಯಿತು. ಹಿಂದಿನ ಬಳಕೆಯ ಶೇ 80ಕ್ಕೆ ಮಾತ್ರ 12 ಸೆಂಟಿನ ದರ, ಉಳಿದದ್ದಕ್ಕೆ ಕರಾರಿನ ದರ. ಹಿಂದೆ ವರ್ಷಕ್ಕೆ 20,000 ಯೂನಿಟ್ ಗ್ಯಾಸ್ ಉರಿಸಿದ ಮನೆ, ಈಗಿನ ದರ 18 ಸೆಂಟ್ ಅಂದುಕೊಳ್ಳಿ. ನೆರವು 16,000 × 6 ಸೆಂಟ್ = 960 ಯೂರೋ. ಇದು ಸ್ಥಿರ, ಈ ವರ್ಷ ಎಷ್ಟು ಉರಿಸಿದರೂ ಅಷ್ಟೇ. ಅದೇ 20,000 ಉರಿಸಿದರೆ ಬಿಲ್ 3,600ರಲ್ಲಿ 960 ಕಳೆದು 2,640. 15,000ಕ್ಕೆ ಇಳಿಸಿದರೆ 2,700ರಲ್ಲಿ 960 ಕಳೆದು 1,740. ಉಳಿಸಿದ 5,000 ಯೂನಿಟ್ಟಿಗೆ 900 ಯೂರೋ, ಅಂದರೆ ಪ್ರತಿ ಯೂನಿಟ್ಟಿಗೂ ಪೂರಾ 18 ಸೆಂಟ್ ಕೈಯಲ್ಲೇ ಉಳಿಯಿತು.

ಗೃಹಜ್ಯೋತಿಯೂ ಹಳೆಯ ಬಳಕೆಯ ಮೇಲೇ ನಿಂತಿದೆ: ಶುರುವಿನ ಸೂತ್ರದಲ್ಲಿ 2022-23ರ ಸರಾಸರಿ ಮತ್ತು ಅದರ ಮೇಲೆ ಶೇ 10. ಸರಾಸರಿ 60 ಇದ್ದ ಮನೆಗೆ 66 ಯೂನಿಟ್. ಆದರೆ ಆ ಮನೆ 50 ಉರಿಸಿದರೂ ಸೊನ್ನೆ, 66 ಉರಿಸಿದರೂ ಸೊನ್ನೆ. ಉಳಿಸಿದ 16ಕ್ಕೆ ಏನೂ ಸಿಗುವುದಿಲ್ಲ. 200 ದಾಟಿದರೆ ಪೂರ್ತಿ ಬಿಲ್, ಅಂದರೆ 201ನೇ ಯೂನಿಟ್ ಜಗತ್ತಿನ ಅತಿ ತುಟ್ಟಿ ಕರೆಂಟ್. ಕೊರತೆಯ ಕಾಲಕ್ಕೆ ಈ ಸೂತ್ರ ಒಗ್ಗುವುದಿಲ್ಲ.

ಸ್ಪೇನ್, ಪೋರ್ಚುಗಲ್ ಬೇರೆ ದಾರಿ ಹಿಡಿದವು. 2022ರ ಜೂನಿನಿಂದ ಕರೆಂಟ್ ಸ್ಥಾವರದ ಗ್ಯಾಸಿಗೆ 40 ಯೂರೋ ಎಂಬ ಕಾಗದದ ದರ ಕಟ್ಟಿದವು. ಮಾರುಕಟ್ಟೆಯ ದರ 100 ಇದ್ದರೆ ಅಂತರ 60, ಅದನ್ನು 0.55ರಿಂದ ಭಾಗಿಸಿ ಮೆಗಾವಾಟ್ ಗಂಟೆಗೆ 109 ಯೂರೋ ಸ್ಥಾವರಕ್ಕೆ ಬೇರೆಯಾಗಿ ಕೊಟ್ಟವು. ಹರಾಜಿನ ದರ ಇಳಿಯಿತು, ನಿಜ. ಆದರೆ ಫ್ರಾನ್ಸಿನ ತಂತಿ ಆ ಸೋವಿ ಕರೆಂಟನ್ನು ಎಳೆದುಕೊಂಡಿತು. ಸ್ಪೇನಿನಲ್ಲಿ ಗ್ಯಾಸ್ ಉರಿಸುವುದು ಹೆಚ್ಚಾಯಿತು. ಯುರೋಪಿಡೀ ಮಾಡಿದ್ದರೆ ಸೋರಿಕೆ ಇನ್ನೂ ದೊಡ್ಡದಾಗುತ್ತಿತ್ತು.

2024ರ ಸುಧಾರಣೆಯಲ್ಲಿ ಹರಾಜಿನ ಪದ್ಧತಿಯನ್ನು ಮುಟ್ಟದೆ ಇಬ್ಬದಿಯ ಅಂತರ ಕರಾರನ್ನು ಮುಂದಿಟ್ಟರು. ಗಾಳಿ ಸ್ಥಾವರಕ್ಕೆ 70 ಯೂರೋ ಎಂದು ನಿಗದಿ ಅಂದುಕೊಳ್ಳಿ. ಮಾರುಕಟ್ಟೆಯಲ್ಲಿ 100 ಬಂದರೆ 30 ಸರ್ಕಾರಕ್ಕೆ ವಾಪಸ್, 40 ಬಂದರೆ 30 ಸರ್ಕಾರ ಕೊಡುತ್ತದೆ. ನಮ್ಮ 25 ವರ್ಷದ ಖರೀದಿ ಕರಾರಿಗೆ ಇದು ಬಹಳ ಹತ್ತಿರದ್ದು. ಅವರು ಸುತ್ತು ಹಾಕಿ ಇಲ್ಲಿಗೇ ಬಂದರು ಅನ್ನುವುದು ನನ್ನ ಅಭಿಪ್ರಾಯ.

ಸಾಧನಕೇರಿ

ಹತ್ತಿರದ್ದು ಹೌದು, ಒಂದೇ ಅಲ್ಲ. ನಮ್ಮ ಕಲ್ಲಿದ್ದಲಿನ ಕರಾರಿನಲ್ಲಿ ಕರೆಂಟ್ ಕೊಳ್ಳದಿದ್ದರೂ ಸ್ಥಿರ ವೆಚ್ಚ ಕಟ್ಟಬೇಕು. ಜೂನ್‌ನಿಂದ ಸೆಪ್ಟೆಂಬರ್ ಕಪ್ಪತಗುಡ್ಡದ ಗಾಳಿ ಜೋರಿದ್ದಾಗ, ಜಲಾಶಯ ತುಂಬಿದಾಗ ರಾಯಚೂರಿನ ಘಟಕ ನಿಂತರೂ ಬಿಲ್ ನಿಲ್ಲುವುದಿಲ್ಲ. ಭದ್ರತೆಗೆ ಯಾರೋ ಒಬ್ಬರು ದುಡ್ಡು ಕಟ್ಟಲೇಬೇಕು, ನಮ್ಮಲ್ಲಿ ಅದು ನಿಗದಿತ ಶುಲ್ಕದಲ್ಲಿ ಅಡಗಿದೆ.

ಯುರೋಪಿನಲ್ಲಿ ಆ ದುಡ್ಡು ಗ್ಯಾಸ್ ಸಂಗ್ರಹದಲ್ಲಿ ಕಾಣುತ್ತದೆ. ಸಂಗ್ರಹ ಇರುವುದು ಖಾಲಿಯಾದ ಹಳೆಯ ಗ್ಯಾಸ್ ಬಾವಿಗಳಲ್ಲಿ, ಉಪ್ಪಿನ ಗುಹೆಗಳಲ್ಲಿ. ಬೇಸಿಗೆಯಲ್ಲಿ ಸೋವಿಗೆ ಕೊಂಡು ತುಂಬಿ ಚಳಿಗಾಲಕ್ಕೆ ಮಾರುವುದು ವ್ಯಾಪಾರ. 2021ರಲ್ಲಿ ಜರ್ಮನಿಯ ಅತಿ ದೊಡ್ಡ ಸಂಗ್ರಹ ರೇಡನ್, ಆಗ ಗಾಜ್‌ಪ್ರೋಮ್ ಕೈಯಲ್ಲಿದ್ದದ್ದು, ಬಹುತೇಕ ಖಾಲಿಯೇ ಇತ್ತು. 2022ರ ಜೂನಿನಲ್ಲಿ ಒಕ್ಕೂಟ ಕಾನೂನು ಮಾಡಿತು: ಆ ವರ್ಷ ನವೆಂಬರ್ 1ಕ್ಕೆ ಶೇ 80, ಮುಂದೆ ಶೇ 90. ಯಾರೂ ಕೊಳ್ಳದಿದ್ದಾಗ ಜರ್ಮನಿಯ ಮಾರುಕಟ್ಟೆ ವ್ಯವಸ್ಥಾಪಕ ಸಂಸ್ಥೆಯೇ ತುಟ್ಟಿ ಕಾಲದಲ್ಲಿ ಕೊಂಡಿತು. ಆ ನಷ್ಟವನ್ನು ಗ್ಯಾಸ್ ಬಿಲ್ಲಿನ ಮೇಲೆ ಸುಂಕವಾಗಿ 2025ರ ಕೊನೆಯವರೆಗೆ ವಸೂಲಿ ಮಾಡಿದರು.

ತಪ್ಪಿದ್ದು ಇಲ್ಲಿ: ನವೆಂಬರ್ 1ಕ್ಕೆ ಎಲ್ಲರೂ ಕೊಳ್ಳಲೇಬೇಕು ಅಂತ ಮಾರುವವನಿಗೆ ಮೊದಲೇ ಗೊತ್ತು. 2025ರ ಆರಂಭದಲ್ಲಿ ಬೇಸಿಗೆಯ ದರ ಮುಂದಿನ ಚಳಿಗಾಲದ ದರಕ್ಕಿಂತ ಮೇಲೇರಿತು. ತುಂಬಿಟ್ಟವನಿಗೆ ನಷ್ಟ, ಹಾಗಾಗಿ ಯಾರೂ ತುಂಬಲು ಮುಂದೆ ಬರಲಿಲ್ಲ. ಆಮೇಲೆ ನಿಯಮ ಸಡಿಲಿಸಿ ಅಕ್ಟೋಬರ್ 1ರಿಂದ ಡಿಸೆಂಬರ್ 1ರ ನಡುವೆ ಯಾವಾಗಲಾದರೂ ಶೇ 90 ಮುಟ್ಟಿದರೆ ಸಾಕು ಅಂದರು. ಶೇಕಡಾ ಎಷ್ಟು ತುಂಬಿದೆ ಎಂಬುದನ್ನಷ್ಟೇ ನೋಡಬಾರದು: ಬಾವಿ ಖಾಲಿಯಾದಂತೆ ಒತ್ತಡ ಇಳಿದು ದಿನಕ್ಕೆ ಹೊರಬರುವ ಪ್ರಮಾಣವೂ ಇಳಿಯುತ್ತದೆ. ಫೆಬ್ರವರಿಯ ಶೇ 30, ಅಕ್ಟೋಬರಿನ ಶೇ 90ರ ಮೂರನೆಯ ಒಂದು ಭಾಗದಷ್ಟೂ ಕೆಲಸಕ್ಕೆ ಬರದೇ ಹೋಗಬಹುದು.

ಮುಂಡರಗಿ ಗಾಳಿ

ತಾರಿಹಾಳದವರ ಕೆಲಸಕ್ಕ ಬರೋದು ಹೇಳಿಬಿಡ್ತೀನಿ. ಕರಾರಿನ ಕಾಗದ ತಗದು ದರ ಯಾವ ಸೂಚ್ಯಂಕಕ್ಕ ಕಟ್ಟೇದ, ಎಷ್ಟು ದಿನದ ಸರಾಸರಿ, ಡಾಲರ್ ದರ ಯಾವ ದಿನದ್ದು, ಕನಿಷ್ಠ ಎಷ್ಟು ಎತ್ತಲೇಬೇಕು, ಇಷ್ಟು ನೋಡ್ರಿ. ಕನಿಷ್ಠದ ಷರತ್ತು ಬಿಗಿ ಇದ್ರ ಗ್ಯಾಸ್ ತುಟ್ಟಿ ಆದಾಗ ಎಲ್‌ಪಿಜಿಗೆ ಹೊಳ್ಳಿದ್ರೂ ಎತ್ತದ ಗ್ಯಾಸಿಗೆ ರೊಕ್ಕ ಕಟ್ಟಬೇಕಾಗ್ತದ.

ಹೋಲಿಸೋ ಲೆಕ್ಕ: 1 ಕೆಜಿ ಎಲ್‌ಪಿಜಿ ಸುಮಾರು 1.3 ಎಸ್‌ಸಿಎಂಗೆ ಸಮ, 19 ಕೆಜಿಯ ಸಿಲಿಂಡರ್ ಅಂದ್ರ 24-25 ಎಸ್‌ಸಿಎಂ. ಬರ್ನರಿನ ಜೆಟ್ ಬದಲಿಸದ ಇಂಧನ ಬದಲಿಸಬ್ಯಾಡ್ರಿ. ಪೈಪ್ ಗ್ಯಾಸಿನ ದೊಡ್ಡ ತೂತಿನ ಜೆಟ್ಟಿಗೆ ಎಲ್‌ಪಿಜಿ ಬಿಟ್ರ ಉರಿ ಹಳದಿ ಆಗಿ ಮಸಿ ಹಿಡೀತದ, ಕಾರ್ಬನ್ ಮೊನಾಕ್ಸೈಡ್ ಏರ್ತದ. ಎಲ್‌ಪಿಜಿ ಜೆಟ್ಟಿಗೆ ಪೈಪ್ ಗ್ಯಾಸ್ ಬಿಟ್ರ ಉರಿ ಸಾಲೂದಿಲ್ಲ. ಪದೇ ಪದೇ ಹೊಳ್ಳಿಸೋದಿದ್ರ ಎಲ್‌ಪಿಜಿಗೆ ಗಾಳಿ ಬೆರಸೋ ಮಿಕ್ಸರ್ ಹಾಕಸ್ರಿ, ಆಗ ಅದೇ ಬರ್ನರ್ ನಡೀತದ.