ಮಕ್ಕಳ ಪಿಚಿಂಗ್: ಇವತ್ತು ಸಂಜೆ ಫಿಸಿಯೋ ಮೇಡಂಗೆ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮಕ್ಕಳ ಬೇಸ್‌ಬಾಲ್ ಲೀಗ್ ಆದ ಲಿಟಲ್ ಲೀಗ್ ಸೀಸನ್ ನಡೆಯುತ್ತಿದೆ. ನಮ್ಮ ಗುಂಪಿನ ಫಿಸಿಯೋ ಮೇಡಂ ಪಿಚಿಂಗ್ (ಬ್ಯಾಟರ್‌ಗೆ ಬಾಲ್ ಎಸೆಯುವುದು) ಬಗ್ಗೆ ಉತ್ತರ ಕೊಡುತ್ತಾರೆ. ಮಕ್ಕಳ ಹೆಸರು, ಟೀಮಿನ ಹೆಸರು ಬೇಡ, ಅಮೆರಿಕದ ನಿಮ್ಮ ಊರಿನ ಹೆಸರು ಸಾಕು. ಫಾರ್ವರ್ಡ್ ಬೇಡವೇ ಬೇಡ.

ಎಡಿಸನ್ ಅಪ್ಪ: ಮಗನಿಗೆ 9. ನಾನು ಕ್ರಿಕೆಟ್ ಆಡಿದವನು, ಇದು ಗೊತ್ತಿಲ್ಲ. ಎಲ್ಲಿಂದ ಶುರು ಮಾಡಿಸಲಿ?

ಫಿಸಿಯೋ: ಕಾಲಿನಿಂದ. ಬೌಲಿಂಗ್ ಮರೆತುಬಿಡಿ. ಬೌಂಡರಿಯಿಂದ ಕೀಪರ್‌ಗೆ ಎಸೆಯುತ್ತಿದ್ದಿರಲ್ಲ, ಅದು ಇದಕ್ಕೆ ಹತ್ತಿರ. ಮುಂಗಾಲು ಕ್ಯಾಚರ್ (ನಮ್ಮ ಕೀಪರ್ ಹಾಗೆ ಬಾಲ್ ಹಿಡಿಯುವವನು) ಕಡೆಗೆ ಬೀಳಲಿ. ಅದು ನೆಲ ಮುಟ್ಟುವ ಹೊತ್ತಿಗೆ ಬಾಲ್ ಹಿಡಿದ ಕೈ ಮೇಲೆ ಬಂದಿರಬೇಕು, ಮೊಣಕೈ ಸುಮಾರು ಭುಜದ ಮಟ್ಟಕ್ಕೆ. ಆಮೇಲೆ ಸೊಂಟ ತಿರುಗಲಿ, ಅದರ ಹಿಂದೆ ಎದೆ, ಕೊನೆಗೆ ಕೈ. ಬಾಲ್ ಬಿಟ್ಟ ಮೇಲೆ ಕೈಯನ್ನು ಗಕ್ಕನೆ ನಿಲ್ಲಿಸದೆ ಎದುರು ಮೊಣಕಾಲಿನ ಕಡೆಗೆ ಹೋಗಲು ಬಿಡಿ. ಪಕ್ಕದಿಂದ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ, ಕಾಲು ನೆಲ ಮುಟ್ಟಿದ ಕಡೆ ನಿಲ್ಲಿಸಿ ನೋಡಿ. ದಿನಕ್ಕೆ ಒಂದೇ ತಪ್ಪು ಹೇಳಿ. ಐದು ಹೇಳಿದರೆ ಹುಡುಗ ಕಂಬದ ಹಾಗೆ ನಿಂತುಬಿಡುತ್ತಾನೆ.

ಡಲ್ಲಾಸ್ ಅಪ್ಪ: ಕರ್ವ್‌ಬಾಲ್ (ಬಾಗಿ ಬೀಳುವ ಎಸೆತ) ಯಾವ ವಯಸ್ಸಿಗೆ ಮೇಡಂ? ನನ್ನವನಿಗೆ 10.

ಫಿಸಿಯೋ: 12ರವರೆಗೆ ಜೋರಾಗಿ ಎಸೆಯುವ ಫಾಸ್ಟ್‌ಬಾಲ್, ಹಾಗೇ ಎಸೆದರೂ ನಿಧಾನಕ್ಕೆ ಬರುವ ಚೇಂಜಪ್ ಸಾಕು. ಅವೆರಡೂ ಹೇಳಿದ ಜಾಗಕ್ಕೆ ಬೀಳಲಿ, ಆಮೇಲೆ ಮಾತಾಡೋಣ.

ಫ್ರೀಮಾಂಟ್ ಅಮ್ಮ: ಮಗನಿಗೆ 12. ಎರಡು ವಾರದಿಂದ ಬಲ ಮೊಣಕೈ ನೋವು. ಎಸೆಯುವಾಗ ಮೊಣಕೈ ಕೆಳಗೆ ಬೀಳುತ್ತಿದೆ, ಮೆಕ್ಯಾನಿಕ್ಸ್ (ಎಸೆಯುವ ರೀತಿ) ಸರಿಯಿಲ್ಲ ಅಂತಾರೆ ಕೋಚ್. ಯಾವ ಡ್ರಿಲ್ ಮಾಡಿಸಲಿ?

ಫಿಸಿಯೋ: ಡ್ರಿಲ್ ಪಕ್ಕಕ್ಕಿಡಿ. ನೋವು ಒಳಬದಿಗಾ, ಹೊರಬದಿಗಾ? ಕೈ ಪೂರ್ತಿ ನೆಟ್ಟಗಾಗುತ್ತಾ? ವಾರಕ್ಕೆ ಎಷ್ಟು ಪಿಚ್, ಅಂದರೆ ಎಷ್ಟು ಎಸೆತ?

ಫ್ರೀಮಾಂಟ್ ಅಮ್ಮ: ಒಳಬದಿ, ಆ ಉಬ್ಬಿದ ಮೂಳೆ ಮೇಲೆ. ಈಗ ಚಾಚಿಸಿ ನೋಡಿದೆ, ಎಡಗೈಯಷ್ಟು ನೆಟ್ಟಗಾಗುತ್ತಿಲ್ಲ. ಶನಿವಾರ ಲಿಟಲ್ ಲೀಗ್‌ನಲ್ಲಿ ಸುಮಾರು 60 ಪಿಚ್. ಭಾನುವಾರ ಬೇರೆ ಊರಿಗೆ ಹೋಗಿ ಆಡುವ ಟ್ರಾವೆಲ್ ಟೀಮ್‌ಗೆ 45, ಮಿಕ್ಕ ಹೊತ್ತು ಕ್ಯಾಚರ್. ನಾಲ್ಕು ದಿನದಿಂದ ಎಡಗೈಯಲ್ಲಿ ಹಲ್ಲುಜ್ಜುತ್ತಿದ್ದಾನೆ. ಸುಮ್ನೆ ತಮಾಷೆಗೆ ಅಂದುಕೊಂಡಿದ್ದೆ.

ಡಲ್ಲಾಸ್ ಅಪ್ಪ: ಟ್ರಾವೆಲ್ ಟೀಮ್ ಯಾಕೆ ಬೇಕಿತ್ತು? ದುಡ್ಡು ಜಾಸ್ತಿ ಆಗಿದೆ ಜನಕ್ಕೆ.

ಫ್ರೀಮಾಂಟ್ ಅಮ್ಮ: 10 ವರ್ಷದವನಿಗೆ ಕರ್ವ್ ಕೇಳಿದವರು ಇದನ್ನು ಹೇಳ್ತೀರಾ?

ಫಿಸಿಯೋ: ಜಗಳ ಆಮೇಲೆ. ಫ್ರೀಮಾಂಟ್ ಅವರೇ, ನಿಮ್ಮ ಹುಡುಗ ನೋವು ಮುಚ್ಚಿಡುತ್ತಿದ್ದಾನೆ. ಆ ಹಲ್ಲುಜ್ಜುವ ವಿಷಯವೇ ನನಗೆ ಹೆದರಿಕೆ. ಇವತ್ತಿನಿಂದ ಎಸೆಯುವುದು ಬಂದ್. ಕ್ಯಾಚರ್ ಕೂಡ ಬೇಡ, ಹಿತ್ತಲಲ್ಲಿ ಅಪ್ಪನ ಜೊತೆ ಆಡುವುದೂ ಬೇಡ. ಈ ವಯಸ್ಸಿನಲ್ಲಿ ಆ ಉಬ್ಬಿದ ಮೂಳೆ ಇನ್ನೂ ಪೂರ್ತಿ ಕೂಡಿಕೊಂಡಿರುವುದಿಲ್ಲ. ನಡುವೆ ಬೆಳೆಯುವ ಮೆತ್ತನೆ ಪದರ ಇರುತ್ತದೆ. ಪ್ರತಿ ಎಸೆತಕ್ಕೂ ಸ್ನಾಯು, ಲಿಗಮೆಂಟ್ ಅದನ್ನು ಜಗ್ಗುತ್ತವೆ. ದೊಡ್ಡವರಿಗೆ ಲಿಗಮೆಂಟ್ ಹರಿದರೆ, ಮಕ್ಕಳಿಗೆ ಈ ಪದರ ಅಗಲವಾಗುತ್ತದೆ. ಕೆಲವೊಮ್ಮೆ ಮೂಳೆಯ ಚೂರೇ ಕಿತ್ತು ಬರುತ್ತದೆ. ಲಿಟಲ್ ಲೀಗ್ ಎಲ್ಬೋ ಅನ್ನುವುದು ಇದಕ್ಕೇ. ಇವನಿಗೆ ಅದೇನಾ ಅಂತ ನೋಡದೆ ಹೇಳಲಾರೆ. ಮಕ್ಕಳ ಮೂಳೆ ಡಾಕ್ಟರಿಗೆ ತೋರಿಸಿ, ಹೋಲಿಸಿ ನೋಡಲು ಎರಡೂ ಮೊಣಕೈ ಎಕ್ಸ್‌ರೇ ಬೇಕಾ ಅಂತ ಕೇಳಿ.

ಇನ್ನು ಲೆಕ್ಕ. ಮೇಜರ್ ಲೀಗ್ ಬೇಸ್‌ಬಾಲ್, ಯುಎಸ್‌ಎ ಬೇಸ್‌ಬಾಲ್ ಸೇರಿ ಮಾಡಿದ ಪಿಚ್ ಸ್ಮಾರ್ಟ್ ಅನ್ನುವ ಸಲಹೆಪಟ್ಟಿ ಪ್ರಕಾರ 11-12ರವರಿಗೆ ದಿನಕ್ಕೆ ಹೆಚ್ಚೆಂದರೆ 85. ಆದರೆ 51ರಿಂದ 65 ಹಾಕಿದರೆ 3 ದಿನ ಬಿಡುವು, 66 ಅಥವಾ ಜಾಸ್ತಿ ಆದರೆ 4. ಶನಿವಾರ 60 ಹಾಕಿದವನು ಬುಧವಾರ ಬರುವ ತನಕ ಮೌಂಡ್ (ಪಿಚರ್ ನಿಂತು ಎಸೆಯುವ ದಿಬ್ಬ) ಹತ್ತಬಾರದು. ಇಬ್ಬರು ಕೋಚ್‌ಗಳೂ ತಮ್ಮ ತಮ್ಮ ಲೆಕ್ಕ ಸರಿಯಾಗೇ ಇಟ್ಟಿರುತ್ತಾರೆ. ಕೂಡಿಸುವವರು ನೀವೊಬ್ಬರೇ. ಮೊಣಕೈ ಕೆಳಗೆ ಬೀಳುವುದು ಸುಸ್ತಿಗೂ ಇರಬಹುದು.

ಟ್ರಾಯ್ ಅಂಕಲ್: ಗುಂಪಿನಲ್ಲಿ ಬಂದದ್ದು: ಹರಳೆಣ್ಣೆ ಬಿಸಿ ಮಾಡಿ ತಿಕ್ಕಿ, ಎಕ್ಕದ ಎಲೆ ಕಟ್ಟಿ. 3 ದಿನದಲ್ಲಿ ನೋವು ಮಾಯ 🙏

ಫಿಸಿಯೋ: ಅಂಕಲ್, ನೋವು ಮಾಯವಾದರೆ ಶನಿವಾರ ಮತ್ತೆ ಎಸೆಯುತ್ತಾನೆ. ಅದೇ ಅಪಾಯ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಕಣ್ಣಿನ ಡಾಕ್ಟರೂ ಬೇಕಾಗುತ್ತದೆ. ಮ್ಯಾಚಿಗೆ ಮುಂಚೆ ನೋವಿನ ಮಾತ್ರೆ ಕೊಡುವವರಿಗೂ ಇದೇ ಮಾತು.

ಎಡಿಸನ್ ಅಪ್ಪ: ನಮ್ಮ ಕ್ರಿಕೆಟ್ಟೇ ವಾಸಿ. ರಿಂಕು ಸಿಂಗ್, ದಿನೇಶ್ ಪಟೇಲ್ ಅಲ್ಲಿಂದ ಬಂದೇ 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ಟೀಮ್ ಸೇರಿದ್ದು.

ಆಸ್ಟಿನ್ ಚಿಕ್ಕಪ್ಪ: ಅವರು ಈಟಿ ಎಸೆಯುತ್ತಿದ್ದವರು ಸ್ವಾಮಿ.

ಎಡಿಸನ್ ಅಪ್ಪ: ಭಾರತದವರು ತಾನೆ?

ಆಸ್ಟಿನ್ ಚಿಕ್ಕಪ್ಪ: ಮೇಜರ್ ಲೀಗ್‌ನಲ್ಲಿ ಒಂದು ಪಿಚ್ಚೂ ಹಾಕಲಿಲ್ಲ.

ಸಿಯಾಟಲ್ ಅಮ್ಮ: ಮಗಳು ಸಾಫ್ಟ್‌ಬಾಲ್ ಪಿಚರ್, ಕೆಳಗಿನಿಂದ ಎಸೆಯುತ್ತಾಳೆ. ಅವಳಿಗೂ ಇದೇ ಲೆಕ್ಕವಾ?

ಡಲ್ಲಾಸ್ ಅಪ್ಪ: ಮೊಣಕೈಗೆ ಟಾಮಿ ಜಾನ್ ಸರ್ಜರಿ ಆದರೆ ಮೊದಲಿಗಿಂತ ಸ್ಪೀಡ್ ಬರುತ್ತಂತೆ, ವಿಡಿಯೋ ಇದೆ, ಹಾಕಲಾ?

ಫಿಸಿಯೋ: ಹಾಕಬೇಡಿ. 1974ರಲ್ಲಿ ಆ ಸರ್ಜರಿ ಮಾಡಿಸಿಕೊಂಡಾಗ ಪಿಚರ್ ಟಾಮಿ ಜಾನ್‌ಗೆ 31 ವರ್ಷ. 1975ರ ಸೀಸನ್ ಪೂರ್ತಿ ಆಡಲಿಲ್ಲ. ಅದು ಹರಿದ ಲಿಗಮೆಂಟ್‌ಗೆ ರಿಪೇರಿ, ಸ್ಪೀಡಿಗೆ ಟಾನಿಕ್ ಅಲ್ಲ.

ಟ್ರಾಯ್ ಅಂಕಲ್: ಎಕ್ಕದ ಎಲೆ ನಮ್ಮಜ್ಜಿಗೆ ಕೆಲಸ ಮಾಡಿತ್ತು.

ಫಿಸಿಯೋ: ನಿಮ್ಮಜ್ಜಿ ವಾರಕ್ಕೆ 105 ಪಿಚ್ ಹಾಕುತ್ತಿದ್ದರಾ?

ಅಡ್ಮಿನ್: ಮೇಡಂ, ಹಿರಿಯರು...

ಸ್ಯಾನ್ ಡಿಯಾಗೊ ಅಪ್ಪ: ಈಗ ಬಂದೆ. ಕರ್ವ್‌ಬಾಲ್ ಯಾವ ವಯಸ್ಸಿಗೆ?

ಫಿಸಿಯೋ: ಮೇಲೆ ಓದಿ.

ಫ್ರೀಮಾಂಟ್ ಅಮ್ಮ: ಗುರುವಾರಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿತು. ಶನಿವಾರ ಸೆಮಿಫೈನಲ್. ಕೋಚ್‌ಗೆ ಏನು ಹೇಳಲಿ?

ಫಿಸಿಯೋ: ಬರಲ್ಲ ಅಂತ ಹೇಳಿ.